ಅಮರಗೋಳದ ದಲಾಲಿ ಅಂಗಡಿಗೆ ಸಾಫ್ಟ್‌ವೇರ್: ಹುಬ್ಬಳ್ಳಿಯಲ್ಲಿ ಮೂರು ಮಂದಿಯ ಕಂಪನಿ ಕಟ್ಟುವ ಬಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಪ್ರೋಗ್ರಾಮರ್‌ಗಳಿಗೆ ಕೊರತೆ ಇಲ್ಲ. 1947ರಲ್ಲಿ ಶುರುವಾದ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಇವತ್ತು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಧಾರವಾಡದ ಕಡೆ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜು ಇದೆ, 2015ರಿಂದ ಐಐಐಟಿ, 2016ರಿಂದ ಐಐಟಿ. ಕಲಿತವರು ರಾತ್ರಿ ಬಸ್ ಹತ್ತಿ ಬೆಂಗಳೂರು ಸೇರುವುದು ರೂಢಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿಗೆ ಬಂತು, 1991ರಲ್ಲಿ ಸಾಫ್ಟ್‌ವೇರ್ ರಫ್ತಿಗೆ ನೆರವಾಗುವ ಕೇಂದ್ರ ಸರ್ಕಾರದ ಎಸ್‌ಟಿಪಿಐ ಹುಟ್ಟಿತು. ಅಲ್ಲಿಂದೀಚೆಗೆ ನಮ್ಮ ಸಾಫ್ಟ್‌ವೇರ್ ಉದ್ಯಮ ಬೆಳೆದದ್ದು ಬಹುಪಾಲು ಹೊರದೇಶದ ಗಿರಾಕಿಯ ಕೆಲಸ ಮಾಡಿಕೊಟ್ಟೇ. ಹುಬ್ಬಳ್ಳಿಯ ಐಟಿ ಪಾರ್ಕಿನಲ್ಲೂ ಎಸ್‌ಟಿಪಿಐ ಕೇಂದ್ರವಿದೆ, ಗೋಕುಲ ರಸ್ತೆಯಲ್ಲಿ 2022ರಿಂದ ಇನ್ಫೋಸಿಸ್ ಇದೆ. ಇಷ್ಟಿದ್ದೂ ಊರಿನ ಪೇಟೆಯ ಲೆಕ್ಕ ಇನ್ನೂ ಹಳೆಯ ಸಾಫ್ಟ್‌ವೇರಿನಲ್ಲೋ ಕೆಂಪು ಬಟ್ಟೆಯ ಕೀರ್ದಿ ಎಂಬ ದಿನಲೆಕ್ಕದ ಪುಸ್ತಕದಲ್ಲೋ ನಡೆದಿದೆ. ಮೂರು ಮಂದಿಯ ಕಂಪನಿಗೆ ಜಾಗ ಇರುವುದು ಅಲ್ಲಿ.

ಯಾವ ಪೇಟೆ ಹಿಡಿಯಬೇಕು

ಒಂದೇ ಧಂದೆ ಹಿಡಿಯಿರಿ. "ಎಲ್ಲಾ ಥರದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ" ಎಂದು ಬೋರ್ಡ್ ಹಾಕಿದವರಿಗೆ ವರ್ಷಪೂರ್ತಿ ಸಿಗುವುದು ವೆಬ್‌ಸೈಟಿನ ಫೋಟೊ ಬದಲಿಸುವ ಕೆಲಸ.

ಸುತ್ತಲಿನ ಆಯ್ಕೆ ಹೀಗಿದೆ: ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ (ಕೃಷಿ ಮಾರುಕಟ್ಟೆ) ಮತ್ತು ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ರೈತರ ಮಾಲು ಮಾರಿಸಿಕೊಡುವ ದಲಾಲಿ ಅಂಗಡಿಗಳು, ಗದಗಿನ ಮುದ್ರಣಾಲಯಗಳು, ರಾಣೆಬೆನ್ನೂರಿನ ಬೀಜದ ಕಂಪನಿಗಳು, ಎಲ್ಲ ಊರಲ್ಲೂ ಇರುವ ಪತ್ತಿನ ಸಹಕಾರಿಗಳು. 1905ರಲ್ಲಿ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿದ ನಾಡು ಇದು, ಹಾಗಾಗಿ ಸಹಕಾರಿಗಳತ್ತ ಮೊದಲು ಕಣ್ಣು ಹೋಗುತ್ತದೆ. ಆದರೆ ಮೊದಲ ಗಿರಾಕಿಯಾಗಿ ಅವು ಬೇಡ. ಆಡಳಿತ ಮಂಡಳಿಯ ಠರಾವು, ಆಡಿಟ್, ಬಡ್ಡಿ ಲೆಕ್ಕದ ನೂರು ಬಗೆ, ಎಲ್ಲ ಸೇರಿ ಮೊದಲ ಬಿಲ್ಲು ಕೈಗೆ ಬರಲು ತಡ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗಂತೂ 2022ರ ಕೇಂದ್ರ ಯೋಜನೆಯಡಿ ದೇಶಕ್ಕೆಲ್ಲ ಒಂದೇ ಸಾಫ್ಟ್‌ವೇರ್ ಬರುತ್ತಿದೆ. ಮುದ್ರಣಾಲಯದ ಅಂದಾಜು ಪಟ್ಟಿ ಒಳ್ಳೆಯ ಎರಡನೇ ಸರಕು. 500 ಹಾಳೆಯ ರೀಮು, ಜಿಎಸ್‌ಎಂ ಎಂಬ ಕಾಗದದ ತೂಕ, ಪ್ಲೇಟು, ಹಾಳಾಗುವ ಕಾಗದ, ಇಷ್ಟರ ಲೆಕ್ಕ ಅದು.

ಇಲ್ಲಿ ದಲಾಲಿ ಅಂಗಡಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಕೋಡ್ ಬರೆಯುವ ಮೊದಲು ಎರಡು ಸಂತೆಯ ದಿನ, ಒಂದು ಖಾಲಿ ದಿನ ಅಂಗಡಿಯ ಲೆಕ್ಕ ಬರೆಯುವ ದಿವಾನಜಿಯ ಪಕ್ಕ ಕೂಡ್ರಬೇಕು. ಬ್ಯಾಡಗಿಯಲ್ಲಾದರೆ ಸೋಮವಾರ, ಗುರುವಾರ. ಸಾವ್ಕಾರರ ಜೊತೆ ಅಲ್ಲ, ದಿವಾನಜಿಯ ಜೊತೆ. ಸಾಫ್ಟ್‌ವೇರ್ ಉಳಿಯುತ್ತದೋ ಮೂಲೆ ಸೇರುತ್ತದೋ ತೀರ್ಮಾನಿಸುವವರು ಅವರೇ. ಐವತ್ತು ಹಳೆಯ ಪಟ್ಟಿಗಳ (ಮಾಲು ಮಾರಿದ ರೈತರಿಗೆ ಕೊಡುವ ಲೆಕ್ಕದ ಚೀಟಿ) ಪ್ರತಿ ಕೇಳಿ, ರೈತರ ಹೆಸರು ಮುಚ್ಚಿಸಿ ತೆಗೆದುಕೊಳ್ಳಿ. ನಂತರ ನಿಮ್ಮ ಪ್ರೋಗ್ರಾಂ ಆ ಐವತ್ತನ್ನೂ ಪೈಸೆಗೆ ಪೈಸೆ ಹೊಂದುವಂತೆ ತೆಗೆಯಬೇಕು. ಹೊಂದದಿದ್ದರೆ ಅಂಗಡಿಗೆ ಒಯ್ಯಬೇಡಿ.

ಪಟ್ಟಿಯ ಲೆಕ್ಕ

ಆರು ಚೀಲ ಒಣ ಮೆಣಸಿನಕಾಯಿ, ಚೀಲದ ತೂಕ ಕಳೆದು 246 ಕೆಜಿ 300 ಗ್ರಾಂ, ಕ್ವಿಂಟಲಿಗೆ 18,650 ರೂಪಾಯಿ ಎಂದುಕೊಳ್ಳಿ. ಮೊತ್ತ 45,934.95. ಇಷ್ಟು ಸರಳ ಗುಣಾಕಾರ ಎಲ್ಲಿ ಕೈಕೊಡುತ್ತದೆ?

ಮೊದಲನೆಯದು ದಶಮಾಂಶ. ಹಣವನ್ನು ಫ್ಲೋಟ್‌ನಲ್ಲಿ (ದಶಮಾಂಶವನ್ನು ಅಂದಾಜಾಗಿ ಹಿಡಿಯುವ ಸಂಖ್ಯಾ ರೂಪ) ಇಟ್ಟರೆ ನೂರಾರು ಪಟ್ಟಿ ಕೂಡಿದ ಮೇಲೆ ರೋಕಡ (ದಿನದ ನಗದು ಲೆಕ್ಕ) ಒಂದೆರಡು ಪೈಸೆ ಹೆಚ್ಚು ಕಡಿಮೆ ಬರುತ್ತದೆ, ದಿವಾನಜಿ ಅದನ್ನು ರಾತ್ರಿ ಒಂಬತ್ತರವರೆಗೆ ಹುಡುಕುತ್ತಾರೆ. ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಮಿನಲ್ಲಿ ಪೂರ್ಣಾಂಕವಾಗಿ ಇಡಿ. 2,46,300 ಗ್ರಾಂ ಗುಣಿಸು 18,65,000 ಪೈಸೆ, ಭಾಗಿಸು 1,00,000; ಬರುವುದು 45,93,495 ಪೈಸೆ. ಇಲ್ಲೊಂದು ಎಚ್ಚರ: ನಡುವಿನ ಗುಣಲಬ್ಧ ನಲವತ್ತೈದು ಸಾವಿರ ಕೋಟಿ ದಾಟುತ್ತದೆ. 32 ಬಿಟ್ಟಿನ ಪೂರ್ಣಾಂಕದಲ್ಲಿ ಹಿಡಿಯುವುದು 214 ಕೋಟಿಯ ಆಸುಪಾಸು ಮಾತ್ರ. 64 ಬಿಟ್ಟಿನದೇ ಬೇಕು. ಒಂದೆರಡು ಕೆಜಿಯ ಪರೀಕ್ಷೆಯಲ್ಲಿ ಈ ದೋಷ ಕಾಣಿಸುತ್ತಲೇ ಇಲ್ಲ ಎನ್ನಬೇಡಿ, ಮೆಣಸಿನಕಾಯಿ ದರಕ್ಕೆ ಎರಡು ಕೆಜಿಗೇ ಮಿತಿ ದಾಟುತ್ತದೆ. ಕಡಿಮೆ ದರದ ಸರಕಿನಲ್ಲಿ ಮಾತ್ರ ಪರೀಕ್ಷಿಸಿದವರು ಸಿಕ್ಕಿಬೀಳುತ್ತಾರೆ.

ಎರಡನೆಯದು ರೂಪಾಯಿಗೆ ಸರಿಮಾಡುವ ಜಾಗ. ಪ್ರತಿ ಚೀಲದ ಮೊತ್ತವನ್ನು ರೂಪಾಯಿಗೆ ಸರಿಮಾಡಿ ಕೂಡಿದರೆ ಆರು ಚೀಲಕ್ಕೆ ಹೆಚ್ಚೆಂದರೆ 3 ರೂಪಾಯಿ ವ್ಯತ್ಯಾಸ. ಕೊನೆಯ ಸಾಲಿನಲ್ಲಿ ಒಂದೇ ಸಲ ಮಾಡಿದರೆ ಅರ್ಧ ರೂಪಾಯಿಯೊಳಗೆ. ಯಾವುದು ಸರಿ ಎನ್ನುವುದನ್ನು ನೀವು ನಿರ್ಧರಿಸಬೇಡಿ, ಆ ಐವತ್ತು ಪಟ್ಟಿಗಳನ್ನು ನೋಡಿ. ಅಂಗಡಿಯಿಂದ ಅಂಗಡಿಗೆ ಇದು ಬೇರೆ ಇರುತ್ತದೆ, ಸೆಟ್ಟಿಂಗ್ ಮಾಡಿಡಿ.

ಮೂರನೆಯದು ದರ ಬದಲಾಗುವುದು. ಮಾರುಕಟ್ಟೆ ಶುಲ್ಕವನ್ನು ಕೋಡಿನೊಳಗೆ ಬರೆದವರು 2020ರಲ್ಲಿ ಒದ್ದಾಡಿದರು. ಆ ವರ್ಷ ಅದು ಮತ್ತೆ ಮತ್ತೆ ಬದಲಾಗಿ ಶೇ 0.35ಕ್ಕೂ ಇಳಿದಿತ್ತು. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳು ಬದಲಾದಾಗಲೂ ಅದೇ ಕಥೆ. ಶುಲ್ಕ, ಹಮಾಲಿ, ದಲಾಲಿ ಪ್ರತಿಯೊಂದಕ್ಕೂ "ಯಾವ ದಿನದಿಂದ" ಎಂಬ ಕಾಲಂ ಇರುವ ದರದ ಕೋಷ್ಟಕ ಮಾಡಿ. ಹಳೆಯ ಪಟ್ಟಿಯನ್ನು ಮತ್ತೆ ಪ್ರಿಂಟ್ ತೆಗೆದರೆ ಆ ದಿನದ ದರವೇ ಬರಬೇಕು.

"ನಿನ್ನೆಯ ಪಟ್ಟಿಯೊಳಗ ಒಂದು ಚೀಲ ತಪ್ಪೇತ್ರಿ, ತಿದ್ದಿಬಿಡ್ರಿ" ಎಂಬ ಬೇಡಿಕೆ ಮೊದಲ ವಾರವೇ ಬರುತ್ತದೆ. ಹಳೆಯ ಸಾಲನ್ನು ಅಳಿಸಿ ಬರೆಯುವ ಸೌಲಭ್ಯ ಕೊಡಬೇಡಿ. ತಪ್ಪು ಸಾಲನ್ನು ರದ್ದು ಮಾಡುವ ತಿರುವು ನಮೂದು ಹಾಕಿ ಹೊಸ ಪಟ್ಟಿ ಮಾಡಿಸಿ. ಗಿರಾಕಿ ನೋಂದಾಯಿತ ಕಂಪನಿಯಾಗಿದ್ದರೆ, ಪ್ರತಿ ತಿದ್ದುಪಡಿಯ ದಾಖಲೆ ಉಳಿಯುವ ಸಾಫ್ಟ್‌ವೇರನ್ನೇ ಲೆಕ್ಕಕ್ಕೆ ಬಳಸಬೇಕೆಂದು 2023ರ ಏಪ್ರಿಲ್ 1ರಿಂದ ನಿಯಮವಿದೆ.

ಕನ್ನಡ ಸರಿಯಾಗಿ ಬರಬೇಕಾದರೆ

ಹೊರಗಿನ ದೊಡ್ಡ ಸಾಫ್ಟ್‌ವೇರ್‌ಗಳು ಪೇಟೆಯಲ್ಲಿ ಸೋಲುವುದು ಇಲ್ಲಿಯೇ. ಅದಕ್ಕೇ ಇದಕ್ಕೆ ಹೆಚ್ಚು ಸಮಯ ಕೊಡಿ.

ಹೆಸರು ಹುಡುಕುವುದರಿಂದ ಆರಂಭಿಸಿ. "ಪಾಟೀಲ" ಎಂಬ ಹೆಸರಿನ "ಟೀ" ಕಂಪ್ಯೂಟರಿನೊಳಗೆ ಎರಡು ಬಗೆಯಲ್ಲಿ ಕೂಡ್ರಬಹುದು: ದೀರ್ಘ ಚಿಹ್ನೆ ಒಂದೇ ಸಂಕೇತವಾಗಿ, ಅಥವಾ ಗುಡಿಸು ಮತ್ತು ದೀರ್ಘದ ಗುರುತು ಎಂದು ಎರಡಾಗಿ. ತೆರೆಯ ಮೇಲೆ ಎರಡೂ ಒಂದೇ, ಹುಡುಕಿದರೆ ಒಂದು ಸಿಗುವುದಿಲ್ಲ. ಪರಿಹಾರ ಸುಲಭ: ಉಳಿಸುವ ಮೊದಲು ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತನ್ನಿ. ಹುಡುಕಾಟಕ್ಕೆ ಬೇರೆ ಕಾಲಂ ಇಡಿ. ಅದರಲ್ಲಿ ಕಣ್ಣಿಗೆ ಕಾಣದ ಜೋಡಕ-ಬೇರ್ಪಡಕ ಸಂಕೇತಗಳನ್ನೂ ಪದದ ಕೊನೆಯ ಅರ್ಧಾಕ್ಷರದ ಗುರುತನ್ನೂ ತೆಗೆದುಹಾಕಿ. ಆಗ "ಬಸವರಾಜ", "ಬಸವರಾಜ್" ಎರಡೂ ಒಟ್ಟಿಗೆ ಸಿಗುತ್ತವೆ. ಮೂಲ ಹೆಸರಿನ ಕಾಲಂ ಮುಟ್ಟಬೇಡಿ, ರೈತರು ಹೇಳಿದಂತೆಯೇ ಇರಲಿ. ಒಂದೇ ಊರಲ್ಲಿ ಮೂವರು ಬಸಪ್ಪ ಹಿರೇಮಠ ಇರುವುದು ಮಾಮೂಲು, ಆದ್ದರಿಂದ ಖಾತೆಗೆ ತಂದೆಯ ಹೆಸರು, ಊರು, ಮೊಬೈಲು ಮೂರೂ ಬೇಕು. ಆಧಾರ್ ಸಂಖ್ಯೆ ಕೇಳಲೇಬೇಡಿ. ಇಟ್ಟುಕೊಂಡರೆ ಅದರ ಹೊಣೆ ನಿಮ್ಮ ತಲೆಗೆ.

ಹಳೆಯ ಖಾತೆಗಳು ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿದ್ದರೆ ಯೂನಿಕೋಡ್‌ಗೆ ಬದಲಿಸಬೇಕು. ಹಳೆಯ ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡಂತೆ ವ್ಯಂಜನದ ನಂತರ ಕೂಡ್ರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದಂತೆ ಮೊದಲು. ಪರಿವರ್ತಕ ಅದನ್ನು ಹಿಂದುಮುಂದು ಮಾಡದಿದ್ದರೆ ಪದ ಕೆಡುತ್ತದೆ. ಬದಲಿಸಿದ ಮೇಲೆ "ಕೀರ್ದಿ", "ವರ್ಷ", "ಅರ್ಜಿ" ಥರದ ಪದಗಳನ್ನು ಕಣ್ಣಿಂದ ನೋಡಿ ಒಪ್ಪಿಕೊಳ್ಳಿ. ಡೇಟಾಬೇಸ್ ಮೈಎಸ್‌ಕ್ಯೂಎಲ್ ಆದರೆ ಅಕ್ಷರ ಸಂಕೇತಕ್ಕೆ ಯುಟಿಎಫ್8ಎಂಬಿ4 ಇಡಿ. ಒಂದು ಕನ್ನಡ ಸಂಕೇತಕ್ಕೆ 3 ಬೈಟು ಹೋಗುತ್ತದೆ, ಬೈಟ್ ಲೆಕ್ಕದಲ್ಲಿ ಕಾಲಂ ಅಳೆದಿದ್ದರೆ ಹೆಸರಿನ ಬಾಲ ಕತ್ತರಿಸುತ್ತದೆ.

ಇನ್ನು ಪ್ರಿಂಟರ್. ಅಗ್ಗದ ಥರ್ಮಲ್ ಪ್ರಿಂಟರಿಗೆ ಕನ್ನಡ ಪಠ್ಯ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ, ಏಕೆಂದರೆ ಅದರೊಳಗೆ ಕನ್ನಡ ಅಕ್ಷರವೇ ಇಲ್ಲ. ಬಿಲ್ಲನ್ನು ಚಿತ್ರವಾಗಿ ಬರೆದು ಕಳಿಸಬೇಕು. 80 ಮಿಮೀ ಪ್ರಿಂಟರಿಗೆ ಅಡ್ಡಗಲ 576 ಚುಕ್ಕೆ, 58 ಮಿಮೀಗೆ 384. ಕಪ್ಪು-ಬಿಳಿ ಎರಡೇ ಬಣ್ಣ, ನೆರಳು ಬೇಡ. ಅಕ್ಷರದ ಎತ್ತರ 24 ಚುಕ್ಕೆಗಿಂತ ಕಡಿಮೆ ಬೇಡ. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು ಇರಲಿ, ಇಲ್ಲದಿದ್ದರೆ ಕೆಳಗಿನ ಒತ್ತಕ್ಷರ ಮುಂದಿನ ಸಾಲಿಗೆ ತಾಗಿ "ಪಟ್ಟಿ" "ಪಟಿ"ಯಾಗಿ ಕಾಣುತ್ತದೆ.

ಹಾಗಂತ ಥರ್ಮಲ್ ಎಲ್ಲಕ್ಕೂ ಆಗದು. ರೈತರಿಗೊಂದು, ಖರೀದಿದಾರರಿಗೊಂದು, ಅಂಗಡಿಗೊಂದು, ಕಾರ್ಬನ್ ಇಟ್ಟು ಮೂರು ಪ್ರತಿ ಬೇಕಾದಲ್ಲಿ ಡಾಟ್ ಮ್ಯಾಟ್ರಿಕ್ಸೇ ಸರಿ, ಥರ್ಮಲ್ ಕಾಗದದ ಅಕ್ಷರವಂತೂ ಬಿಸಿಲಿಗೆ ಮಾಸುತ್ತದೆ. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಪೂರ್ತಿ ಕನ್ನಡ ಪಟ್ಟಿಯನ್ನು ಚಿತ್ರವಾಗಿ ಹೊಡೆದರೆ ಸಂತೆಯ ದಿನ ಸಾಲು ಬೆಳೆಯುವಷ್ಟು ನಿಧಾನ. ಶೀರ್ಷಿಕೆ, ಗೆರೆ, ಅಂಗಡಿಯ ಹೆಸರು ಎಲ್ಲವನ್ನೂ ಮೊದಲೇ ಅಚ್ಚು ಹಾಕಿಸಿದ ಕಾಗದ ತರಿಸಿ. ಅಂಕಿಗಳನ್ನು ಪಠ್ಯವಾಗಿ, ರೈತರ ಹೆಸರಿನ ಒಂದು ಸಾಲನ್ನು ಮಾತ್ರ ಚಿತ್ರವಾಗಿ ಹೊಡೆಯಿರಿ. ಆ ಕಾಗದ ಗದಗಿನಲ್ಲಿ ಅಚ್ಚಾದರೆ ನಿಮ್ಮ ಎರಡನೇ ಸರಕಿನ ಗಿರಾಕಿಯ ಪರಿಚಯವೂ ಆದಂತೆ.

ಎಸ್‌ಎಂಎಸ್ ಕನ್ನಡದಲ್ಲಿ ಕಳಿಸಿದರೆ ಒಂದಕ್ಕೆ 70 ಸಂಕೇತ ಮಾತ್ರ, ಇಂಗ್ಲಿಷಿನಲ್ಲಿ 160. "ಟ್ಟಿ" ಒಂದೇ ಅಕ್ಷರದಂತೆ ಕಂಡರೂ ನಾಲ್ಕು ಸಂಕೇತ. "6 ಚೀಲ, 246.3 ಕೆಜಿ, ದರ 18650, ಪಟ್ಟಿ 45935 ರೂ." ಎಂಬುದು 44. ಅಂಗಡಿಯ ಹೆಸರಿಗೆ 26 ಉಳಿಯಿತು. 70 ದಾಟಿದರೆ ಎರಡು ಎಸ್‌ಎಂಎಸ್‌ನ ದುಡ್ಡು. ಕಳಿಸುವವರ ಹೆಸರನ್ನೂ ಸಂದೇಶದ ನಮೂನೆಯನ್ನೂ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಮೊಬೈಲ್ ಕಂಪನಿಗಳ ಡಿಎಲ್‌ಟಿ ತಾಣದಲ್ಲಿ ನೋಂದಾಯಿಸಬೇಕು. ನಮೂನೆಯಲ್ಲಿ ಒಂದು ಅಲ್ಪವಿರಾಮ ವ್ಯತ್ಯಾಸವಾದರೂ ಸಂದೇಶ ತಲುಪದೇ ಹೋಗಬಹುದು.

ಅಂಗಡಿಗೆ ಇಳಿಸುವಾಗ

ಬ್ಯಾಡಗಿಯಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಹೊಸದೇನನ್ನೂ ಇಳಿಸಬೇಡಿ. ಆವಕದ ಭರಾಟೆಯಲ್ಲಿ ಯಾರಿಗೂ ಕಲಿಯಲು ಪುರುಸೊತ್ತಿಲ್ಲ. ಜೂನ್-ಜುಲೈ ಒಳ್ಳೆಯದು. ದೀಪಾವಳಿ ಪಾಡ್ಯಕ್ಕೆ ಹೊಸ ಖಾತೆ ಪೂಜೆಯಾಗುವಷ್ಟರಲ್ಲಿ ದಿವಾನಜಿಯ ಕೈ ಪಳಗಿರುತ್ತದೆ. ಮೊದಲ ಎರಡು ವಾರ ಕೀರ್ದಿಯೂ ಕಂಪ್ಯೂಟರೂ ಜೊತೆಜೊತೆಗೆ ನಡೆಯಲಿ, ಪ್ರತಿ ಸಂಜೆ ಎರಡರ ರೋಕಡವನ್ನೂ ತಾಳೆ ನೋಡಿ.

ಪೇಟೆಯಲ್ಲಿ ನೆಟ್ ಹೋಗುತ್ತದೆ, ಅದು ಹೋದಾಗಲೂ ಪಟ್ಟಿ ಆಗಬೇಕು. ಲೆಕ್ಕ ಅಂಗಡಿಯ ಯಂತ್ರದಲ್ಲೇ ಆಗಿ ನೆಟ್ ಬಂದಾಗ ಮೇಲಕ್ಕೆ ಹೋಗಲಿ. ಎರಡು ಗಲ್ಲೆ (ಬಿಲ್ ಮಾಡಿ ಹಣ ಪಡೆಯುವ ಜಾಗ) ಇದ್ದರೆ ಬಿಲ್ ಸಂಖ್ಯೆಗೆ ಬೇರೆ ಬೇರೆ ಪೂರ್ವಾಕ್ಷರ ಕೊಡಿ. ಇಲ್ಲದಿದ್ದರೆ ನೆಟ್ ಇಲ್ಲದ ಹೊತ್ತಿನಲ್ಲಿ ಎರಡೂ ಕಡೆ ಒಂದೇ ಸಂಖ್ಯೆ ಹುಟ್ಟುತ್ತದೆ. ಜಿಎಸ್‌ಟಿ ಬಿಲ್ಲಿನ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ, ಒಂದು ಆರ್ಥಿಕ ವರ್ಷದಲ್ಲಿ ಮರುಕಳಿಸುವಂತಿಲ್ಲ.

ಬ್ಯಾಕಪ್ ಇದೆ ಎನ್ನುವುದು ಸಾಲದು. ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ಅದನ್ನು ತೆರೆದು ಒಂದು ದಿನದ ರೋಕಡ ಹೊಂದಿಸಿ ನೋಡಿ. ಸದಾ ಚುಚ್ಚಿಯೇ ಇರುವ ಪೆನ್‌ಡ್ರೈವ್ ಬ್ಯಾಕಪ್ ಅಲ್ಲ, ವೈರಸ್ ಬಂದರೆ ಅದೂ ಹೋಗುತ್ತದೆ.

ಕಚೇರಿ, ಕರೆಂಟು

ಜಾಗ ಆರಿಸುವಾಗ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ದಾರಿಯಲ್ಲೇ ನೋಡಿ. ವಿದ್ಯಾನಗರ, ಉಣಕಲ್, ನವನಗರ ಯಾವುದಾದರೂ ಸರಿ. ಧಾರವಾಡದ ಹುಡುಗಿಯೂ ಹುಬ್ಬಳ್ಳಿಯ ಹುಡುಗನೂ ಮನೆ ಬದಲಿಸದೆ ಬರಬಹುದು, ನವನಗರವಾದರೆ ಎಪಿಎಂಸಿಯೂ ಹತ್ತಿರ. ಮೊದಲ ವರ್ಷಕ್ಕೆ ದೇಶಪಾಂಡೆ ಸ್ಟಾರ್ಟ್ಅಪ್ಸ್‌ನಂಥ ಇನ್‌ಕ್ಯುಬೇಟರಿನಲ್ಲಿ ಮೇಜು ಸಿಕ್ಕರೆ ಇನ್ನೂ ಮೇಲು. ಹೊಸ ಕಂಪನಿಗಳಿಗೆಂದು ಇರುವ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನ ಉಂಟು. ಅರ್ಜಿ ಹಾಕಿ, ಆದರೆ ಆ ಹಣ ನಂಬಿ ಸಂಬಳ ಗೊತ್ತುಮಾಡಬೇಡಿ.

ಇನ್ವರ್ಟರ್ ಲೆಕ್ಕ: ಮೂರು ಲ್ಯಾಪ್‌ಟಾಪ್ 195 ವ್ಯಾಟ್, ಎರಡು ಮಾನಿಟರ್ 50, ರೂಟರ್ 20, ಎರಡು ಫ್ಯಾನ್ 150, ಒಟ್ಟು 415. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ತಾಸು, ಕೈಗೆ ಸಿಗುವುದು 1,200ರಷ್ಟು. ಮೂರು ತಾಸಿಗೆ ತುಸು ಕಡಿಮೆ. ಫ್ಯಾನುಗಳನ್ನು 30 ವ್ಯಾಟಿನ ಬಿಎಲ್‌ಡಿಸಿಗೆ ಬದಲಿಸಿದರೆ ಮೂರೂವರೆ ತಾಸು ದಾಟುತ್ತದೆ. ಲೇಸರ್ ಪ್ರಿಂಟರನ್ನು ಇನ್ವರ್ಟರಿಗೆ ಕೊಡಬೇಡಿ, ಬಿಸಿಯಾಗುವಾಗ ಅದೊಂದೇ ಉಳಿದೆಲ್ಲಕ್ಕಿಂತ ಹೆಚ್ಚು ಎಳೆಯುತ್ತದೆ. ನೆಟ್ ಎರಡು ಕಂಪನಿಯದಿರಲಿ, ಎರಡೂ ಕೇಬಲ್ ಒಂದೇ ಕಂಬದ ಮೇಲೆ ಬಂದಿವೆಯೇ ಎಂದು ತಲೆಯೆತ್ತಿ ನೋಡಿ. ಬಂದಿದ್ದರೆ ಎರಡನೆಯದನ್ನು ಮೊಬೈಲ್ ಜಾಲಕ್ಕೆ ಬದಲಿಸಿ.

ಕಾಗದಪತ್ರ

ಇಬ್ಬರು ಮೂವರು ಪಾಲುದಾರರಿದ್ದರೆ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಸಾಕು. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟುವವರೆಗೆ ಆಡಿಟ್ ಕಡ್ಡಾಯವಿಲ್ಲ, ಆದರೆ ವರ್ಷದ ಎರಡು ನಮೂನೆ ತಪ್ಪಿಸಿದರೆ ದಿನದ ಲೆಕ್ಕದಲ್ಲಿ ದಂಡ ಬೀಳುತ್ತದೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ 30 ದಿನದೊಳಗೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ, ದರ ಶೇ 18. ಸಣ್ಣ ಉದ್ಯಮಗಳಿಗೆಂದು ಇರುವ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಪೂರ್ತಿ ಉಚಿತ, ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ. ಇದನ್ನು ಮೊದಲ ದಿನವೇ ಮಾಡಿಸಿ, ಏಕೆ ಎಂಬುದು ವಸೂಲಿಯ ಮಾತಿನಲ್ಲಿ ಬರುತ್ತದೆ.

ದರ ಎಷ್ಟು, ಕೊರತೆ ಎಲ್ಲಿಂದ ತುಂಬುವುದು

ನಿಮ್ಮ ಅಂಕಿ ನೀವು ಹಾಕಿಕೊಳ್ಳಿ, ಲೆಕ್ಕದ ದಾರಿ ಇದು. ಮೂವರಿಗೆ ತಲಾ 25,000, ಬಾಡಿಗೆ-ಕರೆಂಟು-ನೆಟ್ 15,000, ಸರ್ವರ್-ಫೋನು 5,000, ಓಡಾಟ 5,000; ತಿಂಗಳಿಗೆ ಒಂದು ಲಕ್ಷ. ಅಂಗಡಿಗೆ ವರ್ಷಕ್ಕೆ 12,000 ಇಟ್ಟರೆ ಖರ್ಚು ಮುಚ್ಚಲು ನೂರು ಅಂಗಡಿ ಬೇಕು. ಒಂದು ಅಂಗಡಿಗೆ ಇಳಿಸಿ ಕಲಿಸಲು ಒಬ್ಬರಿಗೆ ಐದು ದಿನ ಹಿಡಿದರೆ ತಿಂಗಳಿಗೆ ನಾಲ್ಕು. ನೂರಕ್ಕೆ ಎರಡು ವರ್ಷ. ಮೊದಲ ಆರು ತಿಂಗಳಲ್ಲಿ 24 ಅಂಗಡಿಯಿಂದ 2.88 ಲಕ್ಷ ಬಂದರೆ ಖರ್ಚು 6 ಲಕ್ಷ, ಕೊರತೆ 3.12 ಲಕ್ಷ. ತಾಸಿಗೆ 600ರಂತೆ ಹೊರಗಿನ ಕೆಲಸ ಮಾಡಿದರೆ ತಿಂಗಳಿಗೆ 87 ತಾಸು ಸಾಕು. ಒಬ್ಬರ ಅರ್ಧ ತಿಂಗಳು ಎನ್ನಿ. ಅದಕ್ಕಿಂತ ಹೆಚ್ಚು ಹೊರಗಿನ ಕೆಲಸ ಹಿಡಿದರೆ ದಿವಾನಜಿಯ ಫೋನು ಎತ್ತುವವರಿರುವುದಿಲ್ಲ.

ಹೊರಗಿನ ಕೆಲಸದ ಕರಾರಿನಲ್ಲಿ ಕೋಡಿನ ಹಕ್ಕು ಯಾರದು ಎಂದು ಬರೆಯಿಸಿ. ನೌಕರರು ಬರೆದ ಕೋಡು ಮಾಲೀಕರದು. ಗುತ್ತಿಗೆಯ ಮೇಲೆ ಬರೆದುಕೊಟ್ಟದ್ದರ ಹಕ್ಕು ಲಿಖಿತವಾಗಿ ವರ್ಗಾಯಿಸುವವರೆಗೆ ಬರೆದವರದೇ. ವರ್ಗಾವಣೆಯಲ್ಲಿ ಅವಧಿ ಬರೆಯದಿದ್ದರೆ ಕೃತಿಸ್ವಾಮ್ಯ ಕಾಯ್ದೆ ಅದನ್ನು ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಓದುತ್ತದೆ. ಪಟ್ಟಿಯ ಲೆಕ್ಕದ ನಿಮ್ಮ ಕೋಡನ್ನು ಹೊರಗಿನ ಕೆಲಸಕ್ಕೂ ಬಳಸಿದರೆ ಆ ಭಾಗವನ್ನು ವರ್ಗಾವಣೆಯಿಂದ ಹೊರಗಿಡಿ. ಗಿರಾಕಿ ವಿದೇಶದವರಾಗಿದ್ದು ನಿಮಗೆ ಜಿಎಸ್‌ಟಿ ಇದ್ದರೆ ಪ್ರತಿ ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿ, ತೆರಿಗೆ ಕಟ್ಟದೆ ಬಿಲ್ ಮಾಡಬಹುದು. ಹಣ ಬಂದಾಗ ಬ್ಯಾಂಕಿನಿಂದ ವಿದೇಶಿ ಹಣ ಬಂದ ಪತ್ರ ತೆಗೆದಿಡಿ.

ವಸೂಲಿ

ಶೇ 40 ಮುಂಗಡ, ಅಂಗಡಿಗೆ ಇಳಿಸಿದ ದಿನ 40, ಮೊದಲ ತಿಂಗಳ ಲೆಕ್ಕ ಹೊಂದಿದ ಮೇಲೆ 20. ಪೂರ್ತಿ ಉದ್ರಿಯಲ್ಲಿ ಹಾಕಿಕೊಟ್ಟರೆ "ಸಾವ್ಕಾರ್ರು ಊರಾಗಿಲ್ರಿ, ಸೋಮವಾರ ಬರ್ರಿ" ಎಂಬ ಮಾತು ಎಷ್ಟು ಸೋಮವಾರ ಕೇಳಬೇಕಾದೀತೋ. ದೊಡ್ಡ ಗಿರಾಕಿ ಟಿಡಿಎಸ್ (ಮೂಲದಲ್ಲೇ ಕಳೆಯುವ ಆದಾಯ ತೆರಿಗೆ) ಹಿಡಿದುಕೊಳ್ಳುತ್ತಾರೆ: ತಾಂತ್ರಿಕ ಸೇವೆ ಎಂದಾದರೆ ಶೇ 2, ವೃತ್ತಿಪರ ಸೇವೆ ಎಂದಾದರೆ 10. ಯಾವುದೆಂದು ಬಿಲ್ ಕೊಡುವ ಮೊದಲೇ ಅವರ ಸಿಎ ಜೊತೆ ಮಾತಾಡಿ.

ಉದ್ಯಮ್ ನೋಂದಣಿ ಕೆಲಸಕ್ಕೆ ಬರುವುದು ಇಲ್ಲಿ. ಸಣ್ಣ ಉದ್ಯಮಕ್ಕೆ ಕರಾರು ಇಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಗಡುವು ಮೀರಿದರೆ ಕೊಡಬೇಕಾದವರು ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಹಣ ಕೊಟ್ಟ ವರ್ಷದಲ್ಲೇ ತೋರಿಸಬೇಕು. ಸರ್ಕಾರದ ಪೋರ್ಟಲಿನಲ್ಲಿ ದೂರು ಕೊಡಬಹುದು, ಆದರೆ ಒಂದೇ ಪೇಟೆಯಲ್ಲಿ ನಾಳೆಯೂ ಓಡಾಡಬೇಕಲ್ಲ! ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ, ಮಾರ್ಚ್ ಮೊದಲ ವಾರ ಅಂಗಡಿಯ ಸಿಎಗೆ ಒಂದು ಪ್ರತಿ ಕಳಿಸಿ. ವಾರ್ಷಿಕ ನವೀಕರಣದ ಬಿಲ್ಲನ್ನು ಮಾತ್ರ ಮಾರ್ಚ್‌ಗೆ ಇಡಬೇಡಿ. ಬ್ಯಾಡಗಿಯ ಅಂಗಡಿಗೆ ಮೇ ತಿಂಗಳಿಗೆ ಇಡಿ, ಆಗ ಸೀಸನ್ನಿನ ಹಣ ಗಲ್ಲೆಯಲ್ಲಿರುತ್ತದೆ, ದಿವಾನಜಿಗೂ ಮಾತಾಡಲು ಬಿಡುವಿರುತ್ತದೆ.